ತಲೆಕೆಳಗಾದ ಹದಿನೇಳು

"ಬೆಂಕಿಪೊಟ್ಟಣ ಕೊಡು," ಎಂದೆ.

ಕಾನ್‌ಸ್ಟೇಬಲ್ ಡೆಸ್ಮಂಡ್ ಓರೆಲ್ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತ. ಕೊಡಬೇಕೋ ಬೇಡವೋ ಎಂದು ಯೋಚಿಸುವುದಕ್ಕೂ ಅವನಿಗೆ ಮೇಲಿನವರ ಅಪ್ಪಣೆ ಬೇಕು.

"ಯಾಕೆ? ಸಾಕ್ಷಿ ಸುಡೋಕಾ?"

"ಓದೋಕೆ. ನಿನಗೆ ಓದೋಕೆ ಬರಲ್ಲ ಅಂತ ಭಾನುವಾರದ ಬೈಬಲ್ ಕ್ಲಾಸಲ್ಲೇ ನಂಗೆ ಗೊತ್ತಾಗಿತ್ತು."

ಅವನು ಕಿವಿವರೆಗೆ ಕೆಂಪಾದ. ಪೊಟ್ಟಣ ಕೊಟ್ಟ.

ಮಂಗಳವಾರ ಬೆಳಿಗ್ಗೆ ಸರ್ಕಾರಿ ಮರ ಪರೀಕ್ಷಕ ಆಲ್ವಿನ್ ಪಾಸ್ಕ್ ಕೆಟಲ್ ತುಂಬಿಸಿಕೊಳ್ಳಲು ತನ್ನ ಮನೆಯ ಈ ಹಿತ್ತಲಿಗೆ ಬಂದಿದ್ದ. ನೀರಿನ ಟ್ಯಾಂಕು, ಅದರ ಅಟ್ಟ ಎರಡೂ ಅವನ ಮೇಲೆ ಬಿದ್ದು ಸತ್ತ. ಅಟ್ಟ ಕಟ್ಟಿದವನು ಯೂರೆ ವಿದೋವಿಚ್. ರೈಲು ಹಳಿಯಡಿಗೆ ಹಾಕುವ ದಿಮ್ಮಿ ಕೆತ್ತುವುದು ಅವನ ಕಸುಬು. ಅವನ ಒಂದು ವಾರದ ದುಡಿಮೆಯನ್ನೆಲ್ಲ ಪಾಸ್ಕ್ ತಿರಸ್ಕರಿಸಿದ್ದ, ಯೂರೆ ಎಲ್ಲರೆದುರು "ನಿನ್ನ ನೋಡ್ಕೋತೀನಿ" ಎಂದಿದ್ದ. ನಮ್ಮ ಯೆರಿನಪ್ ಊರಿನ ಜನಕ್ಕೆ ಅಷ್ಟು ಸಾಕಾಯಿತು. ಇವತ್ತು ಶುಕ್ರವಾರ. ಮಧ್ಯಾಹ್ನ ಮೂರರ ರೈಲಿಗೆ ಯೂರೆಯನ್ನು ಪರ್ತ್‌ಗೆ ಕಳಿಸುತ್ತಾರೆ. ಅಲ್ಲಿನ ನ್ಯಾಯಾಧೀಶರಿಗೆ ಅವನ ಅರೆಬರೆ ಇಂಗ್ಲಿಷ್ ಕೇಳುವ ತಾಳ್ಮೆ ಇರುವುದಿಲ್ಲ. ಫ್ರೀಮ್ಯಾಂಟಲ್ ಜೈಲಿನ ನೇಣಿಗೆ ಭಾಷೆ ಬೇಕಾಗಿಲ್ಲ.

"ಲೋ ಡೆಸ್ಮಂಡ್, ಈ ಊರಲ್ಲೇ ಹುಟ್ಟಿ ಬೆಳೆದೋನು ನೀನು. ಅಟ್ಟದ ಈ ನಾಲ್ಕು ಕಾಲು ಯಾವ ಮರ ಹೇಳು ನೋಡೋಣ."

ಬೂಟಿನ ತುದಿಯಿಂದ ಒಂದನ್ನು ಒದ್ದ. "ಕೆಂಪು ಮರ."

"ಕೆಂಪು ಮರ! ನಿಮ್ಮಜ್ಜ ನಲವತ್ತು ವರ್ಷ ಗರಗಸ ಎಳೆದಿದ್ದು ಇದನ್ನ ಕೇಳೋಕಾ? ಸದ್ಯ, ಹೋಗ್ಬಿಟ್ಟಿದ್ದಾರೆ ಪುಣ್ಯಾತ್ಮ."

ನಿಜ ಹೇಳಬೇಕೆಂದರೆ ಕಣ್ಣಿಗೆ ಎರಡೂ ಕೆಂಪೇ. ಜಾರಾ, ಕರ್ರಿ ಎರಡೂ ನಮ್ಮ ಕಾಡಿನ ನೀಲಗಿರಿ ಜಾತಿಯ ಮರಗಳೇ. ಬಿಸಿಲಿಗೆ ಒಣಗಿದ ಮೇಲೆ ಪಕ್ಕಪಕ್ಕ ಇಟ್ಟರೆ ನಾನೂ ಒಂದು ಕ್ಷಣ ತಡೆಯುತ್ತೇನೆ. ಆದರೆ ಗುಣದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಸೇತುವೆಯ ಉದ್ದನೆಯ ತೊಲೆಗೆ, ಚಾವಣಿಗೆ ಕರ್ರಿಯೇ ಬೇಕು, ಆ ಭಾರಕ್ಕೆ ಬೇರೆ ಯಾವುದೂ ಸಮ ಇಲ್ಲ. ಅದೇ ಕರ್ರಿಯನ್ನು ಮಣ್ಣಿನಲ್ಲಿ ಹೂತರೆ ಗೆದ್ದಲಿಗೆ ಊಟ. ಜಾರಾವನ್ನು ಹೂತು ಮರೆತುಬಿಡಬಹುದು. ನಮ್ಮ ಪೋಸ್ಟ್ ಆಫೀಸಿನ ಕಂಬಗಳನ್ನು ಹೂಳುವಾಗ ನಾನಿನ್ನೂ ಹುಟ್ಟಿರಲಿಲ್ಲ, ಇವತ್ತಿಗೂ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ.

ಬಿದ್ದ ನಾಲ್ಕು ಕಾಲುಗಳಿಂದ ಬೆಂಕಿಕಡ್ಡಿಯಷ್ಟು ದಪ್ಪದ ಒಂದೊಂದು ಸೀಳು ಎಬ್ಬಿಸಿದೆ. ಮೊದಲನೆಯದಕ್ಕೆ ಬೆಂಕಿ ಹಚ್ಚಿದೆ. ಉರಿಯಿತು, ಆರಿತು, ಕಪ್ಪು ಇದ್ದಿಲಿನ ಕಡ್ಡಿಯಾಗಿ ಬೆರಳಲ್ಲಿ ನಿಂತಿತು. ಎರಡನೆಯದೂ ಕಪ್ಪು. ಮೂರನೆಯದೂ ಕಪ್ಪು.

ನಾಲ್ಕನೆಯದು ಬೆರಳಿನ ತನಕ ಉರಿದು ಬೆಳ್ಳನೆಯ ಬೂದಿಯಾಗಿ ಮುರಿದು ಬಿತ್ತು. ಹೆಸರು ಕರ್ರಿ, ಬೂದಿ ಮಾತ್ರ ಬೆಳ್ಳಗೆ.

"ಹೂಂ," ಎಂದ ಡೆಸ್ಮಂಡ್. "ಅದಕ್ಕೇನೀಗ?"

"ಮೂರು ಕಾಲು ಜಾರಾ. ಇದೊಂದು ಕರ್ರಿ. ನೋಡು, ಹೊರಗೆ ಎರಡು ಬೆರಳು ದಪ್ಪ ಗಟ್ಟಿ, ಒಳಗೆಲ್ಲ ಗೆದ್ದಲು ತಿಂದು ಖಾಲಿ. ಆ ಗುಂಡಿ ನೋಡು. ಉಳಿದ ಮೂರರ ಸುತ್ತ ಮಣ್ಣು ಕಲ್ಲಾಗಿದೆ, ಇದರ ಸುತ್ತ ಕೈಯಲ್ಲೇ ಕೆದರಬಹುದು. ಯಾರೋ ಈಚೆಗೆ ಒಳ್ಳೇ ಕಾಲು ಕಿತ್ತು ಇದನ್ನ ಹಾಕಿದ್ದಾರೆ. ಟ್ಯಾಂಕು ಬತ್ತಿರೋವರೆಗೆ ತಡಕೊಂಡಿತ್ತು. ಸೋಮವಾರ ನೀರಿನ ಗಾಡಿ ಬಂದು ತುಂಬಿಸ್ತು. ಮಂಗಳವಾರ ಪಾಸ್ಕ್ ಹೋದ."

"ಅಂದ್ರೆ ಯೂರೆನೇ."

"ಅಲ್ಲ ಕಣೋ ದಡ್ಡ! ಹನ್ನೊಂದು ವರ್ಷ ಕೊಡಲಿ ಹಿಡಿದೋನು ಕರ್ರಿನ ನೆಲಕ್ಕೆ ಹೂಳ್ತಾನಾ? ನಿನ್ನೆ ಲಾಕಪ್ಪಿನ ಕಿಟಕೀಲಿ, ಅಟ್ಟಕ್ಕೆ ಕರ್ರಿ ಹಾಕಿದ್ಯಾ ಅಂತ ನಾನು ಕೇಳಿದ್ದಕ್ಕೆ ಅವನೇ ಅಂದ, 'ಮಿಸ್, ನಂಗೇನು ತಲೆ ಕೆಟ್ಟಿದೆಯಾ?' ಅಂತ. ಇದು ಮರ ಗೊತ್ತಿಲ್ಲದೋರ ಕೆಲಸ. ಮಿಲ್ಲಿನ ರದ್ದಿ ಮರದ ರಾಶಿಯಿಂದ ಕೈಗೆ ಸಿಕ್ಕಿದ್ದು ಎಳಕೊಂಡು ಬಂದಿದ್ದಾರೆ."

ಹೀಗೆಂದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಈಗ ನೆನೆದರೆ ಮೈ ಉರಿಯುತ್ತದೆ.

ನನಗೆ ಅವಸರವೂ ಇತ್ತು. ಪೋಸ್ಟ್ ಆಫೀಸಿಗೆ ಬೀಗ ಹಾಕಿ ಬಂದಿದ್ದೆ, ಮನೆಯಲ್ಲಿ ಅಪ್ಪ ಒಬ್ಬರೇ. ಲಕ್ವ ಹೊಡೆದ ಮೇಲೆ ಅವರಿಗೆ ಮಾತು ತುಂಡು ತುಂಡಾಗಿ ಬರುತ್ತದೆ, ನನ್ನದೊಂದು ಬಿಟ್ಟು ಹೆಸರುಗಳಂತೂ ನಾಲಗೆಗೆ ಸಿಗುವುದೇ ಇಲ್ಲ. ಹೋದ ವಾರದ ಗುರುವಾರದಿಂದ ಒಂದೇ ರಾಗ. "ಕಾಲು, ಹೆಸ್ಟರ್. ಟೊಳ್ಳು. ಬೀಳುತ್ತೆ." ದಿನಕ್ಕೆ ಎರಡು ಸಲ ಅವರ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈಯೆಲ್ಲ ಅದೇ ವಾಸನೆ.

ಬೇಲಿಯಾಚೆ ಕಾರು ನಿಂತಿತು. ಮಿಲ್ಲಿನ ಮ್ಯಾನೇಜರ್ ಬಾಸ್ಕೊಂಬ್ ಇಳಿದು ಬಂದ. ಪರ್ತ್‌ನಿಂದ ಬಂದು ಎರಡು ವರ್ಷವಾದರೂ ಅವನ ಬೂಟಿಗೆ ಇನ್ನೂ ಮರದ ಪುಡಿ ಅಂಟಿಲ್ಲ. ಮರದ ಮಿಲ್ಲು ನಡೆಸುವವನ ಬೂಟು ಅಷ್ಟು ಸ್ವಚ್ಛವಾಗಿದ್ದರೆ ನನಗೆ ಅಸಹ್ಯವಾಗುತ್ತದೆ.

"ಏನು ಮಿಸ್ ಟ್ರೆಗೆನ್ಜಾ, ಪೋಸ್ಟ್ ಆಫೀಸು ಬಿಟ್ಟು ಇಲ್ಲಿ ಒಲೆ ಹಚ್ಚಿದ್ದೀರಾ?"

"ನಿಮ್ಮ ಹೊಲಸು ಹುಡುಕ್ತಿದ್ದೀನಿ."

"ಅದಕ್ಕೆ ಪೊಲೀಸಿನೋರು ಇದ್ದಾರಲ್ಲ."

"ಇವನಾ?" ಎಂದೆ. ಡೆಸ್ಮಂಡ್ ನೆಲ ನೋಡಿದ. "ಬಾಸ್ಕೊಂಬ್ ಅವರೇ, ಪಾಸ್ಕ್ ತಿರಸ್ಕರಿಸಿದ್ದು ಯೂರೆ ದಿಮ್ಮಿ ಮಾತ್ರ ಅಲ್ಲ. ಹೋದ ತಿಂಗಳು ನಿಮ್ಮ ಮಿಲ್ಲಿನ ಎರಡು ವ್ಯಾಗನ್ ತುಂಬ ಮರಾನ ರೈಲು ನಿಲ್ದಾಣದಿಂದಲೇ ವಾಪಸ್ ಕಳಿಸಿದ್ದ. ಜಾರಾ ಅಂತ ಬರೆದು ಕರ್ರಿ ತುಂಬಿಸಿದ್ರಿ. ಆ ಟೆಲಿಗ್ರಾಂ ನನ್ನ ಕೈ ಮೇಲೇ ಹೋಗಿದ್ದು."

"ಮಿಲ್ಲಲ್ಲಿ ಅಂಥ ತಪ್ಪುಗಳು ಆಗ್ತವೆ."

"ಆಗ್ತವೆ, ಯಾಕಂದ್ರೆ ನಿಮಗೆ ಮರ ಗೊತ್ತಿಲ್ಲ. ನಿಮಗೆ ಗೊತ್ತಿರೋದು ಕುರ್ಚಿ ಒಂದೇ, ಅದೂ ಕೂರೋಕೆ. ಈ ಕಾಲು ಹಾಕಿದ್ದೂ ಅಂಥದೇ ತಲೆ. ಕರ್ರಿ ಯಾವುದು ಜಾರಾ ಯಾವುದು ಗೊತ್ತಿಲ್ಲದ ತಲೆ!"

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕೈಗವಸು ಬಿಚ್ಚಿ ನಿಧಾನವಾಗಿ ಮಡಚಿದ.

"ನಿಮ್ಮಂಥ ಬುದ್ಧಿವಂತರು ಈ ಕಾಡಲ್ಲಿ ಅಂಚೆಚೀಟಿ ಅಂಟಿಸ್ತಾ ಕೂತಿರೋದು ದೇಶಕ್ಕೇ ನಷ್ಟ. ಒಂದು ಪ್ರಶ್ನೆ ಕೇಳ್ಲಾ? ಕಾಲು ಹಾಕಿದೋನಿಗೆ ಏನಾಗಬೇಕಿತ್ತು?"

"ಟ್ಯಾಂಕು ಬೀಳಬೇಕಿತ್ತು."

"ಹಾಗಿದ್ರೆ ಜಾರಾ ಹಾಕ್ತಿದ್ನಾ?"

ನಾನು ಆ ಟೊಳ್ಳು ಕಾಲಿನ ಕಡೆ ತಿರುಗಿದೆ.

"ಏನೂ ಗೊತ್ತಿಲ್ಲದ ನನ್ನನ್ನ ಆ ರದ್ದಿ ರಾಶಿ ಮುಂದೆ ನಿಲ್ಲಿಸಿ. ಯಾವುದನ್ನ ಆರಿಸಲಿ ನಾನು? ಎಲ್ಲಾ ಕೆಂಪೇ. ಹೊರಗೆ ಗಟ್ಟಿ, ಒಳಗೆ ಟೊಳ್ಳು, ತುಂಬಿದ ಟ್ಯಾಂಕಿಗೆ ಮಾತ್ರ ಮುರಿಯೋ ಅಂಥದ್ದು ಬೇಕು. ಅದನ್ನ ಹುಡುಕೋಕೆ ಮರ ಚೆನ್ನಾಗಿ ಬಲ್ಲೋನೇ ಬೇಕಲ್ವಾ? ತಟ್ಟಿ ನೋಡಿ ಆರಿಸಿದ್ದಾನೆ ಮಿಸ್ ಟ್ರೆಗೆನ್ಜಾ. ನೀವು ಮಾರ್ಕೆಟ್ಟಲ್ಲಿ ಕಲ್ಲಂಗಡಿ ತಟ್ಟಿ ನೋಡ್ತೀರಲ್ಲ, ಹಂಗೆ."

ಮರ ಗೊತ್ತಿಲ್ಲದ ಆ ಮನುಷ್ಯ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ, ಹೇಳಿದ್ದು ಸರಿಯಾಗಿಯೂ ಇತ್ತು. ಅದೇ ನನಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ದಡ್ಡರೆಂದು ಬೈಯುವ ಭರದಲ್ಲಿ ನಾನು ಯೂರೆಯ ಕುತ್ತಿಗೆಗೆ ಇನ್ನೊಂದು ಸುತ್ತು ಹಗ್ಗ ಬಿಗಿದಿದ್ದೆ.

"ಇನ್ನೊಂದಿದೆ," ಎಂದು ಬಾಸ್ಕೊಂಬ್ ಬೂಟಿನಿಂದ ಆ ಕರ್ರಿ ಕಾಲನ್ನು ಉರುಳಿಸಿದ. "ಇದನ್ನ ನೋಡಿದ್ರಾ? ಸುಡೋ ಗಡಿಬಿಡೀಲಿ ನೋಡಿರಲಿಕ್ಕಿಲ್ಲ."

ಮಗ್ಗುಲಲ್ಲಿ, ಮಣ್ಣಿನ ಗುರುತಿನಿಂದ ಎದೆಯೆತ್ತರಕ್ಕೆ, ಒಂದು ಮುದ್ರೆ. ವೃತ್ತದೊಳಗೆ 17.

ಪ್ರತಿ ಪರೀಕ್ಷಕನಿಗೂ ಸರ್ಕಾರ ಒಂದು ಮುದ್ರೆ ಸುತ್ತಿಗೆ ಕೊಡುತ್ತದೆ, ಒಬ್ಬರ ಅಂಕಿ ಇನ್ನೊಬ್ಬರಿಗಿಲ್ಲ. ಪಾಸ್ಕ್‌ನದು 42. ಹದಿನೇಳು ನಮ್ಮಪ್ಪ ಸೈಲಾಸ್ ಟ್ರೆಗೆನ್ಜಾ ಅವರದು. ಅವರು ನಿವೃತ್ತರಾಗಿ ನಾಲ್ಕು ವರ್ಷ.

"ಆ ಸುತ್ತಿಗೆ ಇನ್ನೂ ನಿಮ್ಮನೇಲೇ ಇದೆ ಅಂತ ಕೇಳಿದ್ದೀನಿ," ಎಂದ ಬಾಸ್ಕೊಂಬ್. "ಟೊಳ್ಳು ಮರಕ್ಕೆ ಪಾಸಾಗಿದೆ ಅಂತ ಮುದ್ರೆ. ಇಲಾಖೆಗೆ ಟೆಲಿಗ್ರಾಂ ಕೊಡಬೇಕು. ಮೂರು ಗಂಟೆಗೆ ಮೊದಲೇ ಬರ್ತೀನಿ, ನೀವೇ ಕಳಿಸಿಕೊಡಿ. ನಿಮ್ಮ ಕೈ ಮೇಲೇ ಹೋಗಲಿ."

ಅವನ ಕಾರು ಹೋದ ಮೇಲೂ ನಾನು ಆ ಮುದ್ರೆಯನ್ನೇ ನೋಡುತ್ತ ಕೂತಿದ್ದೆ. ಸಿಟ್ಟು ಇಳಿದಾಗ ಕಣ್ಣು ಕೆಲಸ ಮಾಡತೊಡಗಿತು.

ಹಸಿ ಮರಕ್ಕೆ ಕಬ್ಬಿಣ ತಾಗಿದರೆ ಆ ಜಾಗ ಶಾಯಿ ಸುರಿದಂತೆ ಕಪ್ಪುನೀಲಿಯಾಗುತ್ತದೆ. ಕಡಿದ ಹೊಸದರಲ್ಲಿ ಹೊಡೆದ ಮುದ್ರೆಯೆಲ್ಲ ಹಾಗೇ ಇರುತ್ತದೆ. ಇದು ಕಪ್ಪಾಗಿರಲಿಲ್ಲ, ಒಳಗಿನ ಎಳೆ ಇನ್ನೂ ಕೆಂಪಗಿತ್ತು. ಮರ ಒಣಗಿದ ಮೇಲೆ, ಈಚೆಗೆ ಹೊಡೆದದ್ದು. ಮುದ್ರೆ ಹೊಡೆಯುವುದು ಯಾವಾಗಲೂ ಮರದ ತುದಿಗೆ. ಇದು ಮಗ್ಗುಲಿಗೆ, ನಿಂತ ಮನುಷ್ಯನ ಕೈ ಎಟಕುವ ಎತ್ತರಕ್ಕೆ ಬಿದ್ದಿತ್ತು. ಅಂದರೆ ಹೊಡೆದಾಗ ಕಾಲು ಆಗಲೇ ನೆಟ್ಟು ನಿಂತಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣಿನ ತುದಿ ಕೆಳಗೆ ಬರುವಂತೆ ನೋಡಿದರೆ ಹದಿನೇಳು ತಲೆಕೆಳಗಾಗಿತ್ತು.

ಬಾಸ್ಕೊಂಬ್‌ಗೆ ಅದು ಓದಲು ಬರುವುದಿಲ್ಲ, ಡೆಸ್ಮಂಡ್‌ಗಂತೂ ಬಿಡಿ. ಬೇರೆ ಪರೀಕ್ಷಕರು ತಿರಸ್ಕರಿಸಿದ ಮರಕ್ಕೆ ಮುದ್ರೆ ಹಾಕದೆ ಬಿಡುತ್ತಿದ್ದರು, ಕೆತ್ತುವವರು ಮಾರನೇ ವಾರ ಅದನ್ನೇ ತಿರುಗಿ ತರುತ್ತಿದ್ದರು. ಅದಕ್ಕೇ ಅಪ್ಪ ತಿರಸ್ಕರಿಸಿದ್ದಕ್ಕೂ ಹೊಡೆಯುತ್ತಿದ್ದರು, ತಲೆಕೆಳಗಾಗಿ. ಅದನ್ನು ಬಲ್ಲವರು ಅವರ ಹಿಂದೆ ಪುಸ್ತಕ ಹಿಡಿದು ತಿರುಗಿದ ನಾನು, ಮತ್ತು ಅವರಿಂದ ತಿರಸ್ಕಾರ ಪಡೆದ ಕೆಲವು ಹಳೆಯ ದಿಮ್ಮಿಯವರು.

ಇದು ಪಾಸು ಅಲ್ಲ. 'ಈ ಮರ ಬೇಡ' ಎಂದು ಅಪ್ಪ ಬರೆದಿಟ್ಟ ಮಾತು.

ಮನೆಗೆ ಓಡಿದೆ.

ಸುತ್ತಿಗೆ ಅಡುಗೆಮನೆಯ ಗೋಡೆಯಲ್ಲಿ ಎಂದಿನ ಮೊಳೆಯಲ್ಲೇ ಇತ್ತು. ತಿರುಗಿಸಿ ನೋಡಿದೆ. ಒಂದು ಮತ್ತು ಏಳರ ಸಂದಿನಲ್ಲಿ ಕೆಂಪು ಎಳೆ ಸಿಕ್ಕಿಕೊಂಡಿತ್ತು. ಹೋದ ವಾರದ ಗುರುವಾರ ಅಪ್ಪ ಅದನ್ನು ಊರುಗೋಲಿನಂತೆ ಹಿಡಿದು ಹೊರಟಾಗ ನಾನು, "ಊರವರ ಮುಂದೆ ಮಾನ ಕಳೀಬೇಡಿ" ಎಂದು ಕೂಗಿದ್ದು ನೆನಪಾಯಿತು.

ಅಪ್ಪ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಕೈ ನಡುಗಿ ಅರ್ಧ ಕಾಳು ನೆಲದ ಮೇಲೆ.

"ಅಪ್ಪಾ, ಹೋದ ಗುರುವಾರ ಇದನ್ನ ತಗೊಂಡು ಎಲ್ಲಿಗೆ ಹೋಗಿದ್ರಿ?"

"ಕಾಲು," ಎಂದರು.

"ಕಾಲಿಗೆ ಬೆಳಿಗ್ಗೆ ತಾನೆ ಎಣ್ಣೆ ಹಚ್ಚಿದೆ. ನಾನು ಕೇಳ್ತಿರೋದು..."

ಬಟಾಣಿ ಸಿಪ್ಪೆಯನ್ನು ನನ್ನ ಮುಖಕ್ಕೆ ಎಸೆದರು.

"ನನ್ನ ಕಾಲಲ್ವೇ, ಹೆಡ್ಡೀ! ಟ್ಯಾಂಕು. ಟ್ಯಾಂಕಿನ ಕಾಲು."

ಸುತ್ತಿಗೆಯ ಸಂದಿನ ಆ ಕೆಂಪು ಎಳೆಯನ್ನು ಮತ್ತೆ ನೋಡಿದೆ.

"ಹೇಳ್ದೆ," ಎಂದರು. ಒಂದೊಂದು ಮಾತಿಗೂ ಅವರ ಗಂಟಲ ನರ ಉಬ್ಬುತ್ತಿತ್ತು. "ನಿಂಗೇ ಹೇಳ್ದೆ. ಟೊಳ್ಳು ಅಂದೆ. ಬೀಳುತ್ತೆ ಅಂದೆ. ನೀನು... ಎಣ್ಣೆ ತಿಕ್ಕಿದೆ."

ಗುರುವಾರ ಹೇಳಿದ್ದರು. ಶುಕ್ರವಾರ, ಶನಿವಾರ ಹೇಳಿದ್ದರು. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾಸ್ಕ್‌ನ ಕೋಟು ಹಿಡಿದು "ಕಾಲು, ಕಾಲು" ಎಂದಾಗ ನಾನೇ ಅವರ ಕೈ ಬಿಡಿಸಿದ್ದೆ. "ಕ್ಷಮಿಸಿ, ಇವರಿಗೆ ಮೊಣಕಾಲು ನೋವು" ಎಂದು ನಕ್ಕಿದ್ದೆ. ಪಾಸ್ಕ್ ಪಾಪ, "ಬೆಚ್ಚಗೆ ಸುತ್ತಿಕೊಳ್ಳಿ ತಾತ" ಎಂದಿದ್ದ. ಎರಡು ದಿನಕ್ಕೆ ಸತ್ತ. ಇಡೀ ಊರನ್ನು ದಡ್ಡರು ಎನ್ನುವ ನಾನು ಇಡೀ ಊರಿನಲ್ಲಿ ಒಬ್ಬರೇ ಹೇಳಿದ ನಿಜವನ್ನು ಎಣ್ಣೆ ಹಾಕಿ ತಿಕ್ಕಿ ತೆಗೆದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಕಾಲು ನೆಡ್ತಿದ್ದೋನನ್ನ ನೋಡಿದ್ರಾ ಅಪ್ಪಾ?"

"ಮಣ್ಣು... ದಮ್ಮಸು ಹೊಡೀತಿದ್ದ. ಅವನಿಗೂ ಹೇಳ್ದೆ. ಮುದ್ರೆ ಹೊಡೆದೆ. ನಕ್ಕ."

"ಯಾರು? ಯಾರಪ್ಪಾ ಅದು?"

ತುಟಿ ಆಡಿತು. ಹೆಸರು ಬರಲಿಲ್ಲ. ನನ್ನ ಹೆಸರೊಂದು ಬಿಟ್ಟು ಯಾರ ಹೆಸರೂ ಬಾರದೆ ಎರಡು ವರ್ಷವಾಗಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಮುಷ್ಟಿಯಿಂದ ತೊಡೆ ಗುದ್ದಿಕೊಂಡರು.

ಒಂದು ವೇಳೆ ಹೆಸರು ಬಂದರೂ ಏನು? ಹೋದ ತಿಂಗಳು ಇಲಾಖೆಯವರು ಸುತ್ತಿಗೆ ವಾಪಸ್ ಕೇಳಿದಾಗ ನಾನೇ ಪತ್ರ ಬರೆದಿದ್ದೆ. 'ನಮ್ಮ ತಂದೆಯವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಅವರ ಮಾತಿಗೆ ಅರ್ಥವಿಲ್ಲ, ಸುತ್ತಿಗೆ ಕಿತ್ತುಕೊಂಡರೆ ರಂಪ ಮಾಡುತ್ತಾರೆ, ದಯವಿಟ್ಟು ಬಿಡಿ.' ಕೆಳಗೆ ಸಾಕ್ಷಿಯಾಗಿ ಕಾನ್‌ಸ್ಟೇಬಲ್ ಓರೆಲ್ ಸಹಿ. ಯೂರೆಯನ್ನು ಉಳಿಸಬಲ್ಲ ಒಬ್ಬನೇ ಸಾಕ್ಷಿಯನ್ನು ಹುಚ್ಚನೆಂದು ನಾನು ಅಂಚೆಚೀಟಿ ಅಂಟಿಸಿ ಕಳಿಸಿಯಾಗಿತ್ತು.

ಗೇಟಿನ ಅಗುಳಿ ಸದ್ದಾಯಿತು.

ಪೋಸ್ಟ್ ಆಫೀಸಿಗೆ ಬೀಗ ಕಂಡು ಮೂವರು ಮನೆಗೇ ಬರುತ್ತಿದ್ದರು. ಮುಂದೆ ಡೆಸ್ಮಂಡ್. ಅವನ ಪಕ್ಕದಲ್ಲಿ ಕೈಕೋಳ ಹಾಕಿದ ಯೂರೆ, ಬೆರಳುಗಳ ನಡುವೆ ಒಂದು ಲಕೋಟೆ. ರೈಲು ಹತ್ತುವ ಮೊದಲು ಅಮ್ಮನಿಗೆ ಕಾಗದ ಹಾಕಬೇಕೆಂದು ಕೇಳಿಕೊಂಡಿದ್ದನಂತೆ. ಹಿಂದೆ ಟೆಲಿಗ್ರಾಂ ಚೀಟಿ ಹಿಡಿದ ಬಾಸ್ಕೊಂಬ್. ಅಂಗಳದ ಬೋಗನ್‌ವಿಲ್ಲಾ ದಾಟಿ ಜಗಲಿಯ ಎದುರಿಗೆ ಬಂದರು.

ಅಪ್ಪ ಎದ್ದು ನಿಂತರು. ಬಟಾಣಿ ಬುಟ್ಟಿ ಉರುಳಿತು.

"ಅವನೇ," ಎಂದರು, ನನಗೆ ಮಾತ್ರ ಕೇಳುವಷ್ಟು. "ನಕ್ಕೋನು. ಅವನೇ."

ಕೈ ಚಾಚಿದರು. ಬೆರಳು ಡೆಸ್ಮಂಡ್ ಮೇಲಿಂದ ಯೂರೆಗೆ, ಯೂರೆಯಿಂದ ಬಾಸ್ಕೊಂಬ್‌ಗೆ, ಅಲ್ಲಿಂದ ಮತ್ತೆ ಹಿಂದಕ್ಕೆ ಹೋಯಿತು. ಒಬ್ಬರ ಮೇಲೂ ನಿಲ್ಲಲಿಲ್ಲ. ಸುತ್ತಿಗೆ ಇಲ್ಲದ ಕೈಯಿಂದ ಅವರ ಕೈ ಹಿಡಿದು ಕೆಳಗಿಳಿಸಿದೆ.

"ಏನಂತೆ ಸೈಲಾಸ್ ತಾತಂದು?" ಎಂದ ಡೆಸ್ಮಂಡ್.

ಮೂವರೂ ನನ್ನನ್ನೇ ನೋಡುತ್ತಿದ್ದರು. ಅಪ್ಪ ತನ್ನನ್ನು ಗುರುತು ಹಿಡಿದರೆಂದು ಈ ಮೂವರಲ್ಲಿ ಒಬ್ಬನಿಗೆ ಗೊತ್ತಾದರೆ, ಅವನ ಮುಂದಿನ ಕೊಲೆ ಈ ಮನೆಯಲ್ಲೇ. ಬಾಯಿ ಮುಚ್ಚಿಕೊಂಡರೆ ಮೂರರ ರೈಲು ಯೂರೆಯನ್ನು ಹೊತ್ತು ಹೋಗುತ್ತದೆ.

"ಏನಿಲ್ಲ," ಎಂದೆ. "ಕಾಲು ನೋವಂತೆ."

ಅಪ್ಪ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ನಾನು ಊರನ್ನೆಲ್ಲ ಯಾವ ಕಣ್ಣಿನಿಂದ ನೋಡಿದ್ದೆನೋ ಅದೇ ಕಣ್ಣು ಅದು.

ಬಾಸ್ಕೊಂಬ್ ಗಡಿಯಾರ ನೋಡಿಕೊಂಡ. ಡೆಸ್ಮಂಡ್ ಪಾಪ ಎಂದು ಲೊಚಗುಟ್ಟಿದ.

ಮೂರು ದಿನದಿಂದ ಒಂದು ಸಲವೂ ತಲೆ ಎತ್ತದಿದ್ದ ಯೂರೆ ಅಪ್ಪನ ಮೊಣಕಾಲು ನೋಡಿದ, ನನ್ನ ಕೈಯಲ್ಲಿದ್ದ ಸುತ್ತಿಗೆ ನೋಡಿದ, ಆಮೇಲೆ ನಕ್ಕ. ಅಪ್ಪ ಹೇಳಿದ ನಗು ಅದೇ.